ಉಸಿರಿಗೊಂದು ಕೊಳವಿ

ಗುಬ್ಬಿಗಳು ಕೊಟ್ಟ ಮಾತನ್ನು ಮನುಷ್ಯರು ನಂಬುತ್ತಿದ್ದ ಕಾಲದಲ್ಲಿ, ಒಂದು ಊರಿನಲ್ಲಿ ಒಂದು ಕೊಳವಿ ಇತ್ತಂತೆ. ಬಲು ಚೆಂದದ ಕೊಳವಿ. ಆದರೆ ಅದನ್ನು ಊದುವಷ್ಟು ಉಸಿರು ಆ ಊರಿನಲ್ಲಿ ಯಾರಿಗೂ ಇರಲಿಲ್ಲವಂತೆ.

ಪಕ್ಕದ ಊರಿನಲ್ಲಿ ಒಬ್ಬನಿದ್ದನಂತೆ. ಅವನಿಗೆ ಎದೆ ತುಂಬ ಉಸಿರು! ಊದಲು ಕೊಳವಿಯೇ ಇಲ್ಲ. ಎದೆ ಬಿರಿದೇ ಸಾಯುತ್ತೇನೆಂದು ಅವನು ಅಳುತ್ತ ಕುಳಿತಿದ್ದಾಗ, ಒಂದು ಗುಬ್ಬಿ ಬಂದು, "ಅಳಬ್ಯಾಡಪಾ, ನಾ ತಂದು ಕೊಡ್ತೇನಿ" ಎಂದು ಮಾತು ಕೊಟ್ಟು ಹಾರಿತಂತೆ.

"ಆಮ್ಯಾಲೆ?" ಎಂದು ಪುಟ್ಟ ಪೂನಮ್ ಕೇಳುತ್ತಿದ್ದಳು.

"ಆಮ್ಯಾಲೇನು? ಕೊಳವಿ ಭಾರ, ಗುಬ್ಬಿ ಸಣ್ಣದು. ಇನ್ನೂ ಹಾರಾಕತ್ತೈತಿ. ನೀ ಮಕ್ಕೋ."

ಧಾರವಾಡದ ಬಳಿಯ ಅಮ್ಮಿನಬಾವಿಯ ಗುಡ್ಡವ್ವಜ್ಜಿ ಈ ಕಥೆಯನ್ನು ಎಂದೂ ಇದಕ್ಕಿಂತ ಮುಂದೆ ಒಯ್ಯಲಿಲ್ಲ. ಮೊಮ್ಮಗಳು ದೊಡ್ಡವಳಾದಳು. ಧಾರವಾಡದಲ್ಲಿ ಓದಿ, ವೆಬ್ ಡಿಸೈನ್ ಕಲಿತು, ಮನೆಯಲ್ಲೇ ಕುಳಿತು ಕೆಲಸ ಮಾಡುವಂತಾದಳು. ಆದರೂ ಆ ಗುಬ್ಬಿ ಅವಳ ತಲೆಯಲ್ಲಿ ಹಾರುತ್ತಲೇ ಇತ್ತು.

ಅದಕ್ಕೇ ಅವಳು ತನ್ನದೇ ಒಂದು ವೆಬ್ ಆ್ಯಪ್ ಮಾಡಲು ಹೊರಟಳು. ನುಡಿಸುವವರಿಗೆ ಬ್ಯಾಂಡ್ ಸಿಗಬೇಕು, ಬ್ಯಾಂಡಿನವರಿಗೆ ನುಡಿಸುವವರು ಸಿಗಬೇಕು. ಹೆಸರು, 'ಗುಬ್ಬಿ'.

ಆ ಆ್ಯಪ್ ಒಂದು ದಿನ ಒಬ್ಬನ ಉಸಿರನ್ನೇ ಕಸಿಯುತ್ತದೆ ಎಂದು ಅವಳಿಗೇನು ಗೊತ್ತಿತ್ತು?

* * *

ಕಿರ್ರ್ರ್...!

ಕಿವಿಯ ಪಕ್ಕದಲ್ಲೇ ಚೀರಿದ ಸದ್ದಿಗೆ ಪೂನಮ್ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚಹಾ ಹಾರಿ, ಹಿಂದೆ ನಿಂತಿದ್ದವನ ಬಿಳಿ ಪ್ಯಾಂಟಿನ ಮೇಲೆ ಬಿತ್ತು.

"ಅಯ್ಯಯ್ಯೋ! ಸಾರಿ ರೀ..."

"ನಿಮ್ಮ ಸಾರಿಗೆ ಕಲೆ ಹೋಗ್ತೈತೇನ್ರಿ? ಈಗ ಮೆರವಣಿಗಿ ಐತಿ!"

ಕೆಂಪು ಕೋಟು, ಭುಜದ ಮೇಲೆ ಜರಿಯ ಗೊಂಡೆ, ಕೈಯಲ್ಲಿ ಕಪ್ಪು ಕ್ಲಾರ್ನೆಟ್. ಸಿಟ್ಟಿನಲ್ಲೂ ನಗುತ್ತಿರುವಂತೆ ಕಾಣುವ ಕಣ್ಣುಗಳು. ಪೂನಮ್‌ಳ ಕಣ್ಣು ಒಂದು ಗಳಿಗೆ ಅಲ್ಲೇ ನಿಂತಿತು. ಆದರೂ ಸೋಲಲಿಲ್ಲ.

"ನೀವ್ಯಾಕ ಕಿವ್ಯಾಗ ಚೀರಸಿದ್ರಿ?"

"ನಾ ಕ್ಲಾರ್ನೆಟ್ ನೋಡಾಕತ್ತಿದ್ದೆ. ನಿಮ್ಮ ಕಿವಿನ ಅದರ ಮುಂದ ಬಂತು."

ಹಳೇ ಹುಬ್ಬಳ್ಳಿಯ ಆ ಸಣ್ಣ ಅಂಗಡಿಯ ಗೋಡೆ ತುಂಬ ಹಿತ್ತಾಳೆಯ ವಾದ್ಯಗಳು ತೂಗುತ್ತಿದ್ದವು. ಒಳಗಿನಿಂದ ಬಿಳಿ ಗಡ್ಡದ ಶರೀಫಸಾಬರು ನಕ್ಕರು. ಮದುವೆಗಳಿಗೆ ಹೋಗುವ ಈ ಬ್ರಾಸ್ ಬ್ಯಾಂಡು ಅವರದು. ಹುಡುಗರಿಗೆಲ್ಲ ಅವರೇ ಉಸ್ತಾದ್.

"ಮಿಲಿಂದಾ, ಬಂದವರ ಜೋಡಿ ಜಗಳಾ ಬ್ಯಾಡೋ. ಏನವಾ, ಯಾವ ಲಗ್ನದ್ದು?"

"ಲಗ್ನಾ ಅಲ್ರಿ ಕಾಕಾ! ನಾ ಒಂದು ಆ್ಯಪ್ ಮಾಡಾಕತ್ತೇನಿ, ಬ್ಯಾಂಡ್‌ಗೆ. ಅಂದ್ರ... ಗಿಟಾರ್, ಡ್ರಮ್ಸ್ ಇರೋ ಬ್ಯಾಂಡ್ ಅಂತ ಅನ್ಕೊಂಡಿದ್ದೆ. ಯಾರೋ ನಿಮ್ಮ ವಿಳಾಸ ಕೊಟ್ರು."

"ನಮ್ಮ ಕಡೆನೂ ಡ್ರಮ್ ಐತ್ರಿ ಮೇಡಂ" ಎಂದ ಮಿಲಿಂದ ಗಂಭೀರವಾಗಿ. "ಹೆಗಲಿಗೆ ಹಾಕ್ಕೊಂಡು ಬಿಸಲಾಗ ನಡೀತಾರ. ನಿಮ್ಮ ಗಿಟಾರಿನವರು ನಡೀತಾರೇನು?"

ಪೂನಮ್ ನಕ್ಕುಬಿಟ್ಟಳು. ಅವನೂ ನಕ್ಕ.

ಅಷ್ಟೇ... ಅಲ್ಲಿಗೆ ಶುರುವಾಯಿತು.

* * *

ಅಂದು ಅವಳು ಮೆರವಣಿಗೆಯ ಜೊತೆ ನಡೆದಳು. ಮುಂದಿನ ಸಾಲಿನ ನಡುವೆ ಮಿಲಿಂದ. ಅವನು ಕಣ್ಣು ಮುಚ್ಚಿ ಊದಿದರೆ ಹಿಂದಿನ ಹಿತ್ತಾಳೆಗಳೆಲ್ಲ ಅವನ ಬೆನ್ನು ಹತ್ತಿ ಬರುತ್ತಿದ್ದವು. ಮದುವೆಗೆ ಬಂದವರು ಕುಣಿಯುತ್ತಿದ್ದರು. ಪೂನಮ್ ಮಾತ್ರ ರಸ್ತೆಯ ಅಂಚಿನಲ್ಲಿ ನಿಂತು ಕೇಳಿದಳು.

ಮೆರವಣಿಗೆ ಮುಗಿದ ಮೇಲೆ ಅವನೇ ಹತ್ತಿರ ಬಂದ.

"ನಾ ಊದಿದ್ರ ಮಂದಿ ಕುಣೀತಾರ್ರಿ. ನಿಂತು ಕೇಳಿದವರು ನೀವ ಮೊದಲು."

ಆ ಮಾತನ್ನು ಅವಳು ಧಾರವಾಡದ ಬಸ್ಸಿನುದ್ದಕ್ಕೂ ಮನಸ್ಸಿನಲ್ಲಿ ತಿರುಗಿಸುತ್ತ ಬಂದಳು.

ಅವನೂ ಧಾರವಾಡದ ಕಡೆಯವನೇ. ಮನೆ ಲಕಮನಹಳ್ಳಿಯಲ್ಲಿ. ವಾರದ ದಿನಗಳಲ್ಲಿ ಅಲ್ಲಿನ ಒಂದು ಲೇಥ್ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಕೆಲಸ. ಮದುವೆಗಳಿದ್ದಾಗ ಹುಬ್ಬಳ್ಳಿ. ತಂದೆಯಿಲ್ಲದ ಹುಡುಗನಿಗೆ ಉಸಿರು ಹಿಡಿಯುವುದನ್ನು ಕಲಿಸಿದವರು ಶರೀಫಸಾಬರು. ಕ್ಲಾರ್ನೆಟ್ ಕೂಡ ಅವರದೇ.

ಇಬ್ಬರೂ ಒಂದೇ ಬಸ್ಸಿಗೆ ಹತ್ತುವಂತಾಯಿತು. ಅವಳು ಲ್ಯಾಪ್‌ಟಾಪಿನಲ್ಲಿ ಪುಟಗಳನ್ನು ತೋರಿಸುತ್ತಿದ್ದಳು. ಅವನು ತಪ್ಪು ಹುಡುಕುತ್ತಿದ್ದ.

"ಮೇಡಂ, 'ನಿಮ್ಮ ಹವ್ಯಾಸ' ಅಂತ ಕೇಳೀರಲ್ಲ, ಏನು ಬರೀಲಿ?"

"ಮಂದಿ ಕಿವ್ಯಾಗ ಚೀರಸೂದು ಅಂತ ಬರೀರಿ."

"ಚಹಾ ಚೆಲ್ಲೋರು ಸಿಕ್ರ ಮಾತ್ರ, ಅಂತ ಬರೀತೇನಿ."

ಅಜ್ಜಿಯ ಕಥೆಯನ್ನೂ ಅವಳು ಹೇಳಿದಳು. ಅವನು ಕಿಟಕಿಯಾಚೆ ನೋಡುತ್ತ "ಪಾಪ, ಗುಬ್ಬಿ" ಎಂದ.

'ಇವನಿಗೆ ಗುಬ್ಬಿಯ ಮೇಲೆ ಕನಿಕರ! ಕಥೆ ಕೇಳಿದವರೆಲ್ಲ ಕೊಳವಿಯ ಬಗ್ಗೆ ಕೇಳುತ್ತಾರೆ, ಇವನು ಗುಬ್ಬಿಯ ಬಗ್ಗೆ...' ಪೂನಮ್‌ಳ ಎದೆ ಸದ್ದು ಮಾಡಿತು. ಅದನ್ನು ಕೇಳಿಸಿಕೊಂಡನೋ ಎಂಬಂತೆ ಅವನು ತಿರುಗಿ ನೋಡಿದ.

ಹೇಳಬೇಕಾದ ಮಾತನ್ನು ಅಂದೇ ಹೇಳಿಬಿಡಬಹುದಿತ್ತು. ಇಬ್ಬರೂ ಹೇಳಲಿಲ್ಲ.

* * *

ಆ್ಯಪ್‌ನ ಮೊದಲ ಪುಟಕ್ಕೆ ಮಾದರಿಯಾಗಿ ಅವಳು ಮಿಲಿಂದನ ಫೋಟೋ ಹಾಕಿದಳು. ಹೆಸರಿನ ಪಕ್ಕ ಒಂದು ದೀಪ. ಕೆಂಪು ದೀಪವಿದ್ದರೆ ಕೆಲಸದಲ್ಲಿದ್ದಾರೆ, ಹಸಿರಿದ್ದರೆ ಖಾಲಿ ಇದ್ದಾರೆ, ಕರೆಯಬಹುದು ಎಂದರ್ಥ.

ಅವಳು ಹಸಿರು ದೀಪ ಹಚ್ಚಿದಳು. ನೋಡಲು ಚೆಂದವಿತ್ತು, ಅಷ್ಟೇ. ಹುಬ್ಬಳ್ಳಿ-ಧಾರವಾಡದ ಬ್ಯಾಂಡಿನವರಿಗೆಲ್ಲ ಲಿಂಕ್ ಕಳಿಸಿ ಸಂಭ್ರಮದಿಂದ ಹುಬ್ಬಳ್ಳಿಗೆ ಹೋದಳು. ಅಂದೂ ಒಂದು ಮೆರವಣಿಗೆ ಇತ್ತು.

ಮದುವೆ ಮನೆಯ ಮುಂದೆ ಬ್ಯಾಂಡು ಸಾಲುಗಟ್ಟಿತ್ತು. ಅಷ್ಟರಲ್ಲಿ ಇನ್ನೊಂದು ಬ್ಯಾಂಡಿನ ಮಾಲೀಕ ಯಜ್ಞೇಶ್ವರ ಬೈಕಿನಿಂದ ಇಳಿದು, ಫೋನು ಎತ್ತಿ ಹಿಡಿದು ಜೋರಾಗಿ ನಕ್ಕ.

"ಏನ್ರಿ ಶರೀಫಸಾಬ್ರ, ನಿಮ್ಮ ಕ್ಲಾರ್ನೆಟ್ ಬಜಾರಕ್ಕ ಬಂದೈತಲ್ಲ! 'ಖಾಲಿ ಅದೀನಿ, ಕರೀರಿ' ಅಂತ ದೀಪಾ ಹಚ್ಕೊಂಡು ಕುಂತಾನ ನಿಮ್ಮ ಹುಡುಗ!"

ಸುತ್ತಲಿದ್ದವರು ನಕ್ಕರು. ಡೋಲಿನವನೂ ನಕ್ಕ.

ಶರೀಫಸಾಬರು ಫೋನು ನೋಡಿದರು. ಮಿಲಿಂದನ ಮುಖ ನೋಡಿದರು. ಮುಂದೆ ಬಂದು, ಮಿಲಿಂದನ ಕೈಯಿಂದ ಕ್ಲಾರ್ನೆಟ್ಟನ್ನು ಮೆಲ್ಲಗೆ ತೆಗೆದುಕೊಂಡರು.

"ಹೋಗಪಾ. ನೀ ಖಾಲಿ ಅದಿಯಲ್ಲ."

"ಉಸ್ತಾದ್, ನಾ ಅಲ್ಲ..."

ಡೋಲು ಶುರುವಾಯಿತು. ಬ್ಯಾಂಡು ಅವನನ್ನು ರಸ್ತೆಯಲ್ಲಿ ಬಿಟ್ಟು ನಡೆದುಬಿಟ್ಟಿತು.

ಪೂನಮ್‌ಳಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. "ಮಿಲಿಂದ, ಏನಾತು? ದೀಪಾನ ಅಲ್ಲೇನು? ಕೆಂಪು ಮಾಡ್ತೇನಿ, ಈಗ ಮಾಡ್ತೇನಿ..."

"ಎಲಿ-ಅಡಿಕಿ ತೊಗೊಂಡಾಂವ ನಾ!" ಎಂದು ಅವನು ತಿರುಗಿ ನಿಂತ. "ತುಳಸಿ ಲಗ್ನ ಆದ ಮ್ಯಾಲೆ ಉಸ್ತಾದರ ಮನಿಂದ ಎಲಿ-ಅಡಿಕಿ ಬರ್ತೈತಿ. ಒಮ್ಮೆ ತೊಗೊಂಡ್ರ ಆ ಲಗ್ನದ ಸೀಜನ್ ಮುಗಿಯೂತನಕ ಬ್ಯಾರೆ ಬ್ಯಾಂಡಿನ ಕಡೆ ತಿರುಗಿ ಸುದ್ದಾ ನೋಡಬಾರದು. ನೀವು ನನ್ನ ಬಜಾರದಾಗ ನಿಲ್ಲಸೀರಿ. ಯಾಕ್ರೀ ಹಸಿರು ಹಚ್ಚಿದ್ರಿ? ಒಂದು ಮಾತು ಕೇಳಬೇಕಿತ್ತಿಲ್ಲ?"

ಅವಳ ಬಾಯಿಂದ ನಿಜವೇ ಹೊರಬಿತ್ತು. "ನಿಮ್ಮ ಫೋಟೋಕ್ಕ... ಹಸಿರು ಛಲೋ ಕಾಣಸ್ತಿತ್ತು."

ಮಿಲಿಂದ ಅವಳನ್ನು ನೋಡಿದ. ಆ ಕಣ್ಣುಗಳಲ್ಲಿ ನಗು ಎಲ್ಲಿಯೂ ಉಳಿದಿರಲಿಲ್ಲ.

"ನಾ ಬಿಡಸಿದ್ದು, ನಾನ ಕೂಡಸ್ತೇನಿ" ಎಂದಳು ಅವಳು ಅಳುತ್ತ. "ಮಾತು ಕೊಡ್ತೇನಿ, ಮಿಲಿಂದ."

"ಗುಬ್ಬಿ ಹಂಗ?" ಎಂದು ಹೇಳಿ ಅವನು ನಡೆದು ಹೋದ.

* * *

ಮರುದಿನವೇ ಅವಳು ಶರೀಫಸಾಬರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ದೀಪ ಹಚ್ಚಿದ್ದು ತಾನು, ಮಿಲಿಂದನಿಗೆ ಗೊತ್ತೇ ಇರಲಿಲ್ಲ ಎಂದು ಕೈಮುಗಿದಳು.

"ಗೊತ್ತೈತವಾ" ಎಂದರು ಅವರು. "ನನ್ನ ಹುಡುಗ ಹಂಗ ಮಾಡೂದಿಲ್ಲ ಅಂತ ಆಗಲೇ ಗೊತ್ತಿತ್ತು."

"ಮತ್ತ ಕರೀರಿ ಕಾಕಾ!"

"ಮಂದಿ ಮುಂದ ಎಲಿ ಮುರದ ಮಾತು ಬಂತು, ಕಸ್ಗೊಳ್ಳಬೇಕಾತು. ಈ ಸೀಜನ್ ಮುರೀತು. ಮುರದ ಮ್ಯಾಲೆ ಹೆಂಗ ಕರೀಲಿ? ನಮ್ಮೊಳಗ ಹಂಗ ಇಲ್ಲ ಬೇಟಾ."

ಅವಳು ಲಕಮನಹಳ್ಳಿಗೆ ಓಡಿದಳು. ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದಳು. "ಉಸ್ತಾದರಿಗೆ ಖರೇ ಗೊತ್ತೈತಿ. ನೀವ ಹೋಗಿ ಒಂದು ಮಾತು ಕೇಳ್ರಿ!"

"ಊದಾಂವ ಕೆಲಸಾ ಕೇಳ್ಕೊಂಡು ಹೋಗೂದಿಲ್ರಿ. ಎಲಿ-ಅಡಿಕಿ ಮನಿಗೆ ಬರಬೇಕು." ಮಿಲಿಂದ ಯಂತ್ರ ನಿಲ್ಲಿಸಲಿಲ್ಲ. "ನೀವು ಇಲ್ಲಿಗೆ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಬೆರಳು ತಾವಾಗೇ ಅಲಗ್ತಾವು, ಕ್ಲಾರ್ನೆಟ್ ಐತಿ ಅನ್ನೂ ಹಂಗ. ತ್ರಾಸಾಗ್ತೈತಿ."

ಅವಳು ತಿರುಗಿ ಬಂದಳು. ಅಂದೇ ಆ್ಯಪ್ ಮುಚ್ಚಿದಳು.

ಮಳೆಗಾಲ ಬಂತು, ಹೋಯಿತು. ಯಜ್ಞೇಶ್ವರ ಮಿಲಿಂದನನ್ನು ಕರೆದನಂತೆ, ಅವನು ಹೋಗಲಿಲ್ಲವಂತೆ. ಶರೀಫಸಾಬರ ಬ್ಯಾಂಡಿಗೆ ಕರೆ ಕಡಿಮೆಯಾಯಿತಂತೆ, ಮಂದಿ ಡಿಜೆ ಕರೆಸುತ್ತಿದ್ದಾರಂತೆ. ಎಲ್ಲವೂ ಬಾಯಿಂದ ಬಾಯಿಗೆ ಬಂದ ಸುದ್ದಿ. ಅವಳು ಎಷ್ಟೋ ಸಲ ಫೋನು ಎತ್ತಿ ಇಟ್ಟಳು. 'ಏನಂತ ಹೇಳಲಿ? ಕೊಟ್ಟ ಮಾತು ನಡೆಸಲಾಗಲಿಲ್ಲ ಅಂತಲೇ?'

"ಯವ್ವಾ, ಯಾಕ ಹಿಂಗ ಸೊರಗೀದಿ?" ಎಂದು ಗುಡ್ಡವ್ವಜ್ಜಿ ಕೇಳಿದಳು.

"ಅಜ್ಜಿ, ಆ ಗುಬ್ಬಿ ಎಲ್ಲ್ಯರ ಸತ್ತಿರಬೇಕು."

"ಥೂ, ಬಿಡ್ತು ಅನ್ನು! ಹಾರೂದು ಬಿಟ್ರ ಸಾಯ್ತೈತಿ ಅದು."

* * *

ತುಳಸಿ ಲಗ್ನ ಮುಗಿದಿತ್ತು. ಗೆಳತಿಯ ಮನೆಯ ಮದುವೆಗೆಂದು ಹುಬ್ಬಳ್ಳಿಗೆ ಹೋದಾಗ, ತಿರುವಿನಲ್ಲಿ ಬ್ಯಾಂಡಿನ ಸದ್ದು ಕೇಳಿ ಪೂನಮ್ ನಿಂತಳು. ಕೆಂಪು ಕೋಟುಗಳು. ಶರೀಫಸಾಬರ ಬ್ಯಾಂಡು!

ಆದರೆ ಆ ಸಾಲು ವಿಚಿತ್ರವಾಗಿತ್ತು. ಮುಂದಿನ ಸಾಲಿನ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ರಸ್ತೆ ಇಕ್ಕಟ್ಟಾದಾಗ ಎಲ್ಲರೂ ಮೈ ಒತ್ತಿ ನಡೆದರು, ಟ್ರಂಪೆಟ್ಟಿನವನು ಗಟಾರದ ಅಂಚಿಗೆ ಸರಿದ. ಆ ಜಾಗವನ್ನು ಮಾತ್ರ ಯಾರೂ ತುಂಬಲಿಲ್ಲ.

ಅವಳ ಕಣ್ಣು ಮಂಜಾಯಿತು. ಮೆರವಣಿಗೆ ಮುಗಿಯುವುದನ್ನೇ ಕಾದು ಅವಳು ಅಂಗಡಿಗೆ ಹೋದಳು. ಕ್ಲಾರ್ನೆಟ್ ಗೋಡೆಯ ಮೇಲೆ ತೂಗುತ್ತಿತ್ತು. ಅದರ ಮೇಲೆ ಒಂದಿಷ್ಟೂ ಧೂಳಿರಲಿಲ್ಲ.

"ಕಾಕಾ, ಯಾರ ಜಾಗಾ ಅದು?"

ಶರೀಫಸಾಬರು ಕ್ಲಾರ್ನೆಟ್ಟಿನ ಕಡೆ ನೋಡಿದರು.

"ಹೊಸಾ ಸೀಜನ್ ಬಂತಲ್ರಿ! ಹಳೇದು ಮುರದ್ರ ಮುರೀಲಿ, ಈ ಸಲದ ಎಲಿ-ಅಡಿಕಿ ಕಳಸ್ರಿ. ಅಷ್ಟು ಸಿಟ್ಟೇನ್ರಿ ಅವನ ಮ್ಯಾಲೆ?"

"ಸಿಟ್ಟು!" ಅವರು ನಕ್ಕರು. ಆ ನಗು ಅಳುವಿನಂತಿತ್ತು. "ಯಾರ ಕಡೆ ಕಳಸಲಿ ಬೇಟಾ? ನಮ್ಮ ಅಜ್ಜನ ಕಾಲದಿಂದ ಒಂದು ಪದ್ಧತಿ. ಮಾಲೀಕ ತನ್ನ ಕೈಲೆ ಎಲಿ-ಅಡಿಕಿ ಕೊಡೂದಿಲ್ಲ. ಕೊಟ್ರ ಅದು ಹುಕುಂ ಆಗ್ತೈತಿ. ಊದಾಂವ ತಾನ ಬಂದು ಇಸ್ಗೊಳ್ಳೂದಿಲ್ಲ. ಇಸ್ಗೊಂಡ್ರ ಭಿಕ್ಷಾ ಆಗ್ತೈತಿ. ನಡುವ ಒಂದು ಮೂರನೇ ಕೈ ಬೇಕು. ಇಬ್ಬರಿಗೂ ಬೇಕಾದವರ ಕೈ. ನಮ್ಮ ಮನಿಯಾಕಿ ಮೌಲಾಬಿ ಒಯ್ತಿದ್ಲು. ಸೆರಗಿನಾಗ ಕಟ್ಕೊಂಡು, ಹುಡುಗರ ಮನಿ ಮನಿಗೆ..."

ಅವರು ಗೋಡೆಯ ಕಡೆ ತಿರುಗಿದರು.

"ಹ್ವಾದ ಸೀಜನ್ನಿಂದು ಕೊಟ್ಟು ಬಂದ ಮ್ಯಾಲೆ ಹಾಸಗಿ ಹಿಡದ್ಲು. ಹೋದ್ಲು. ಉಳದ ಹುಡುಗರು ಇದ ಓಣಿಯವರು, ಈ ಸಲ ನೆರಿಮನಿ ರೆಹಮತ್‌ಬಿ ಕೊಟ್ಟು ಬಂದ್ಲು. ಆದ್ರ ಮಿಲಿಂದಂದು ಮುರದ ಎಲಿ. ಅದನ್ನ ಒಯ್ಯಾಕ ಆಕಿನೂ ಒಲ್ಲೆ ಅಂದ್ಲು. ಅಂವ ತಿರುಗಿ ಕಳಿಸಿದ್ರ ಒಯ್ದವರ ಮಾನಾ ಹೋಗ್ತೈತಿ."

ಪೂನಮ್‌ಳಿಗೆ ಈಗ ತಿಳಿಯಿತು.

ಇಷ್ಟು ದಿನ ಅವಳು ಹಟ ಎಂದುಕೊಂಡದ್ದು ಹಟವಲ್ಲ! ಒಬ್ಬರು ಕಳಿಸಲಾರರು, ಇನ್ನೊಬ್ಬನು ಕೇಳಲಾರ. ನಡುವೆ ಒಯ್ಯುವವರು ಯಾರೂ ಇಲ್ಲ. ಅವಳ ಆ್ಯಪ್‌ನಲ್ಲಿ ಬಣ್ಣಗಳಿದ್ದವು, ದೀಪಗಳಿದ್ದವು, ಒತ್ತಿದರೆ ತೆರೆಯುವ ಪುಟಗಳಿದ್ದವು. ಈ ಕೈ ಒಂದೇ ಇರಲಿಲ್ಲ.

"ನಾ ಒಯ್ತೇನ್ರಿ."

"ನೀನಾ?"

"ನಾನ. ಮಾನಾ ಹೋದ್ರ ನಂದ ಹೋಗ್ಲಿ."

"ಅಂವ ತಿರುಗಿಸಿದ್ರ ಇನ್ನೊಮ್ಮೆ ಕಳಸಾಕ ಬರೂದಿಲ್ಲವಾ. ಅಲ್ಲಿಗೆ ಮುಗೀತು. ತಿಳದೈತಿಲ್ಲ?"

"ತಿಳದೈತ್ರಿ."

ಶರೀಫಸಾಬರು ಎದ್ದು, ಕೈ ತೊಳೆದು ಬಂದು, ವೀಳ್ಯದ ಎಲೆಗಳನ್ನು ಒರೆಸಿ, ನಡುವೆ ಅಡಿಕೆ ಇಟ್ಟು ಮಡಚಿದರು. ಗೋಡೆಯಿಂದ ಕ್ಲಾರ್ನೆಟ್ ಇಳಿಸಿ ಪೆಟ್ಟಿಗೆಯಲ್ಲಿಟ್ಟರು.

"ಬ್ಯಾಂಡು ಈ ಸೀಜನ್ ಪೂರ್ತಿ ನಡೀತೈತಿ ಅಂತ ನಾ ಹೇಳೂದಿಲ್ಲ. ಅದನ್ನೂ ಅವಗ ಹೇಳು. ಸುಳ್ಳು ಹೇಳಿ ಕೊಡಬ್ಯಾಡ."

* * *

ಲಕಮನಹಳ್ಳಿಯ ಶೆಡ್ಡಿನಲ್ಲಿ ಊಟದ ಬಿಡುವು. ಹೊರಗೆ ಬೇವಿನ ಮರದ ಕೆಳಗೆ ಮಿಲಿಂದ ಒಬ್ಬನೇ ಕುಳಿತಿದ್ದ. ಬುತ್ತಿ ಬಿಚ್ಚಿರಲಿಲ್ಲ. ಪೂನಮ್‌ಳನ್ನು ಕಂಡು ಎದ್ದು ನಿಂತ. ಅವಳ ತೋಳಿನಲ್ಲಿದ್ದ ಪೆಟ್ಟಿಗೆಯನ್ನು ಕಂಡು ಅವನ ಮುಖ ಬಿಳಿಚಿತು.

"ಉಸ್ತಾದ್‌ಗೆ ಏನರ..."

"ಇಲ್ಲ, ಇಲ್ಲ! ಆರಾಮ ಅದಾರ." ಅವಳು ಏದುಸಿರು ಬಿಡುತ್ತಿದ್ದಳು. ಪೆಟ್ಟಿಗೆ ಭಾರವಿತ್ತು. ದುಪಟ್ಟಾದ ಗಂಟು ಬಿಚ್ಚಿ ಎಲೆ-ಅಡಿಕೆ ತೆಗೆದಳು. ಬಿಸಿಲಿಗೆ ಎಲೆಯ ಅಂಚು ಬಾಡಿತ್ತು.

ಅವಳು ಕೈ ಚಾಚಿ ಹೇಳಿದಳು.

"ಶರೀಫಸಾಬರ ಮನಿಂದ ಬಂದೇನಿ. ಮೌಲಾಬಿ ಕಾಕಿ ಇಲ್ಲ, ಅದಕ್ಕ ನಾ ಬಂದೇನಿ. ಮುಂದಿನ ಸಾಲಿನಾಗ ನಿಮ್ಮ ಜಾಗಾ ಖಾಲಿ ಬಿಟ್ಟು ನಡ್ಯಾಕತ್ತಾರ. ನಾ ನನ್ನ ಕಣ್ಣಲೆ ನೋಡೇನಿ. ಬ್ಯಾಂಡು ಎಷ್ಟು ದಿನಾ ನಡೀತೈತೋ ಗೊತ್ತಿಲ್ಲಂತ. ಅದನ್ನೂ ಹೇಳಂದಾರ."

ಅವಳ ಚಾಚಿದ ಕೈ ಹಾಗೆಯೇ ಇತ್ತು. ಅವನು ಮುಟ್ಟಲಿಲ್ಲ.

'ಮುಗಿಯಿತು... ತಿರುಗಿಸುತ್ತಾನೆ. ತಿರುಗಿಸಲಿ. ಹೇಳಬೇಕಾದ್ದನ್ನು ಹೇಳಿಯೇ ಹೋಗುತ್ತೇನೆ.'

"ಒಯ್ಯೋರು ಇಬ್ಬರಿಗೂ ಬೇಕಾದವರಿರಬೇಕಂತ" ಎಂದಳು ಪೂನಮ್. "ನಾ ನಿಮಗ ಬೇಕಾದಾಕಿ ಹೌದೋ ಅಲ್ಲೋ ನನಗ ಗೊತ್ತಿಲ್ಲ. ನನಗಂತೂ ನೀವು ಬೇಕು, ಮಿಲಿಂದ. ನೀವು ಊದಿದ್ರೂ ಬೇಕು, ಊದದಿದ್ರೂ ಬೇಕು. ಎಲಿ ಬ್ಯಾಡಾದ್ರ ತಿರುಗಿ ಒಯ್ತೇನಿ. ಈ ಮಾತು ಮಾತ್ರ ತಿರುಗಿ ಒಯ್ಯೂದಿಲ್ಲ."

ಒಳಗೆ ಯಾರೋ ಯಂತ್ರ ಚಾಲೂ ಮಾಡಿದರು. ಆ ಸದ್ದಿನಲ್ಲಿ ಮಿಲಿಂದ ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ.

ಅವನು ನಲ್ಲಿಯ ಹತ್ತಿರ ಹೋದ. ಕೈಗಳ ಎಣ್ಣೆಯನ್ನು ತಿಕ್ಕಿ ತಿಕ್ಕಿ ತೊಳೆದ. ತಿರುಗಿ ಬಂದು, ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ.

ಪೂನಮ್ ಎಲೆ-ಅಡಿಕೆಯನ್ನು ಆ ಬೊಗಸೆಯಲ್ಲಿಟ್ಟಳು. ಅವನು ಅದನ್ನು ಹಣೆಗೆ ಒತ್ತಿಕೊಂಡ. ಕಣ್ಣೀರು ಅವನ ಮಣಿಕಟ್ಟಿನವರೆಗೆ ಇಳಿಯಿತು.

"ತುಟಿ ಕೆಟ್ಟಿರ್ತೈತಿ" ಎಂದ ಪೆಟ್ಟಿಗೆ ಬಿಚ್ಚುತ್ತ. "ಸ್ವರಾ ಬರೂದಿಲ್ಲೇನೋ."

"ಬಂದಷ್ಟು ಬರಲಿ."

ಅವನು ಊದಿದ. ಕಿರ್ರ್ರ್...! ಮೊದಲ ದಿನದ ಅದೇ ಚೀರು! ಮರದ ಮೇಲಿನ ಕಾಗೆಗಳು ಹಾರಿದವು. ಇನ್ನೊಮ್ಮೆ ಊದಿದ. ಒಡೆದ ಸ್ವರ. ಮತ್ತೊಮ್ಮೆ ಊದಿದ... ಸ್ವರ ನಿಂತಿತು. ಬಿಸಿಲಿನ ಆ ರಸ್ತೆಯಲ್ಲಿ, ಕಬ್ಬಿಣದ ಸದ್ದಿನ ನಡುವೆ, ಉದ್ದಕ್ಕೆ, ನಡುಗುತ್ತ, ಬಿಡದೆ ನಿಂತಿತು.

ಅವಳು ಕುಳಿತುಕೊಳ್ಳಲಿಲ್ಲ. ನಿಂತೇ ಕೇಳಿದಳು.

"ಆಗ ಏನಂದ್ರಿ?" ಎಂದು ಕೇಳಿದಳು, ಸ್ವರ ಮುಗಿದ ಮೇಲೆ. "ಮಷಿನ್ ಸದ್ದಿನ್ಯಾಗ ಕೇಳಸಲಿಲ್ಲ."

"ನೀ ಬೇಕಾದಾಕಿ ಅಂದೆ. ಚಹಾ ಚೆಲ್ಲಿದ ದಿನದಿಂದ."

ಪೂನಮ್ ನಗುತ್ತ ಅಳುತ್ತ ಬೇವಿನ ಬೇರಿನ ಮೇಲೆ ಕುಸಿದು ಕುಳಿತಳು. ಅವನು ಎಲೆಯನ್ನು ಹರಿದು ಅರ್ಧವನ್ನು ಅವಳಿಗೆ ಕೊಟ್ಟ.

"ಇದೂ ನಿಮ್ಮ ಬ್ಯಾಂಡಿನ ಪದ್ಧತಿನ?"

"ಅಲ್ಲ. ಇದು ನಂದು." ಅವನು ಅವಳ ಪಕ್ಕದಲ್ಲಿ ಕುಳಿತ. "ನಿಮ್ಮ ಅಜ್ಜಿ ಕೇಳಿದ್ರ ಏನ್ ಹೇಳ್ತಿ? ಗುಬ್ಬಿ ಇನ್ನೂ ಹಾರಾಕತ್ತೈತೇನು?"

ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

"ಇಲ್ಲ... ಕೊಳವಿ ಮುಟ್ಟಿಸಿ, ಈಗ ಕುಂತೈತಿ."